ಸೈಕಲ್ ಚೈನು ಬದಲಾಯಿಸುವ ಮುಂಚೆ: ಕಡಿಮೆ ದುಡ್ಡಿಗೆ ಒಳ್ಳೆಯ ಚೈನು ಆರಿಸುವುದು ಹೇಗೆ?

ಸೈಕಲ್ಲಿನಲ್ಲಿ ಚೈನು ಅಂಥ ದುಬಾರಿ ಭಾಗವೇನಲ್ಲ. ಸವೆದ ಚೈನನ್ನು ಸುಮ್ನೆ ಓಡಿಸುತ್ತಾ ಹೋದರೆ ಆಗುವ ಖರ್ಚೇ ದುಬಾರಿ. ಅದು ಮೊದಲು ಹಿಂದಿನ ಗೇರಿನ ಹಲ್ಲುಗಳನ್ನು ತಿನ್ನುತ್ತದೆ, ಆಮೇಲೆ ಪೆಡಲ್ ಪಕ್ಕದ ಚೈನ್‌ರಿಂಗ್‌ನ ಹಲ್ಲುಗಳನ್ನು. ಒಂದು ಚೈನಿನಲ್ಲಿ ಮುಗಿಯಬೇಕಿದ್ದ ಕೆಲಸ ಮೂರು ಭಾಗಗಳ ಬಿಲ್ಲಾಗುತ್ತದೆ.

ಹಾಗಂತ ಅಂಗಡಿಯ ಅತಿ ದುಬಾರಿ ಚೈನು ತರಬೇಕಾಗಿಲ್ಲ. ಹೆಚ್ಚಿನವರಿಗೆ ಸಾಕಾಗುವುದು ಹೆಸರಿರುವ ಕಂಪನಿಯ ಕೆಳಗಿನ ಅಥವಾ ಮಧ್ಯದ ದರ್ಜೆಯ ಚೈನು. ಅದು ನಿಮ್ಮ ಗೇರಿಗೆ ಹೊಂದುವ ಅಗಲದ್ದಾಗಿರಬೇಕು ಮತ್ತು ಸರಿಯಾದ ಹೊತ್ತಿಗೆ ಬದಲಾಗಬೇಕು. ಈ ಎರಡು ಕೂಡಿಬಂದರೆ ಬ್ರ್ಯಾಂಡಿನ ಜಗಳ ಅರ್ಧಕ್ಕರ್ಧ ಮುಗಿದ ಹಾಗೆ. ಒಂದೊಂದಾಗಿ ನೋಡೋಣ.

ಹಂತ 1: ಚೈನು ನಿಜವಾಗಿ ಸವೆದಿದೆಯಾ? ಅಳೆದು ನೋಡಿ

"ಚೈನು ಹಿಗ್ಗಿದೆ" ಎಂದು ಎಲ್ಲರೂ ಹೇಳುತ್ತೇವೆ. ನಿಜಕ್ಕೂ ಅಲ್ಲಿ ಕಬ್ಬಿಣ ಹಿಗ್ಗಿರುವುದಿಲ್ಲ. ಚೈನಿನ ಪ್ರತಿ ಕೊಂಡಿಯಲ್ಲೂ ಒಂದು ಪಿನ್ ಇರುತ್ತದೆ. ಚೈನು ಹಲ್ಲಿನ ಮೇಲೆ ಬಾಗಿದಾಗಲೆಲ್ಲ ಒಳಗಿನ ಪ್ಲೇಟು ಆ ಪಿನ್ನಿಗೆ ಉಜ್ಜುತ್ತದೆ. ಮಧ್ಯೆ ಮರಳು, ಧೂಳು ಸೇರಿಕೊಂಡರೆ ಉಜ್ಜುವುದು ಇನ್ನೂ ಜೋರಾಗುತ್ತದೆ. ಬಾಗಿಲಿನ ಕೀಲು ಸವೆದು ಬಾಗಿಲು ಅಲುಗಾಡುತ್ತದಲ್ಲ, ಹಾಗೆಯೇ ಪ್ರತಿ ಪಿನ್ನಿನಲ್ಲೂ ಕೂದಲೆಳೆಯಷ್ಟು ಸಡಿಲ ಹುಟ್ಟುತ್ತದೆ. ನೂರಕ್ಕೂ ಹೆಚ್ಚು ಪಿನ್ನುಗಳ ಸಡಿಲ ಒಟ್ಟು ಸೇರಿದಾಗ ಚೈನು ಉದ್ದವಾಗಿ ಕಾಣುತ್ತದೆ.

ಈ ಸಡಿಲವನ್ನು ಅಳೆಯುವುದು ಸುಲಭ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿ.ಮೀ. ಇರುತ್ತದೆ. ಹಾಗಾಗಿ 24 ಕೊಂಡಿಗಳಿಗೆ 12 ಇಂಚು. ಇದಕ್ಕೆ ಸ್ಟೀಲ್ ಸ್ಕೇಲ್ ಇದ್ದರೆ ಒಳ್ಳೆಯದು. ಟೇಪ್ ಆದರೆ ಅದರ ತುದಿಯ ಕೊಕ್ಕೆಯನ್ನು ನಂಬಬೇಡಿ, ಅದು ಸ್ವಲ್ಪ ಅಲ್ಲಾಡುತ್ತದೆ. 1 ಇಂಚಿನ ಗೀಟಿನಿಂದ ಶುರು ಮಾಡಿ 13ಕ್ಕೆ ಓದಿ.

ಸೈಕಲ್ಲನ್ನು ಗೋಡೆಗೆ ಒರಗಿಸಿ. ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಕೈಯಿಂದ ಸ್ವಲ್ಪ ಒತ್ತಿದರೆ ಮೇಲಿನ ಸಾಲಿನ ಚೈನು ಬಿಗಿಯಾಗುತ್ತದೆ. ಈಗ ಒಂದು ಪಿನ್ನಿನ ಎಡ ಅಂಚಿಗೆ ಸ್ಕೇಲಿನ ಗೀಟು ಕೂರಿಸಿ. 12 ಇಂಚು ದೂರದ ಪಿನ್ನಿನ ಎಡ ಅಂಚು ಎಲ್ಲಿದೆ ನೋಡಿ. ಸರಿಯಾಗಿ ಗೀಟಿನ ಮೇಲಿದ್ದರೆ ಚೈನು ಚೆನ್ನಾಗಿದೆ. 1/16 ಇಂಚು ಮುಂದೆ ಹೋಗಿದ್ದರೆ ಸುಮಾರು ಶೇ. 0.5 ಸವೆತ. 1/8 ಇಂಚು ಹೋಗಿದ್ದರೆ ಶೇ. 1. ಮಿಲಿಮೀಟರಿನಲ್ಲಿ ಓದುವವರಿಗೆ: ಹೊಸದಕ್ಕೆ 304.8, ಶೇ. 0.5ಕ್ಕೆ 306.3, ಶೇ. 0.75ಕ್ಕೆ 307.1, ಶೇ. 1ಕ್ಕೆ 307.8. ಎರಡು ಮೂರು ಜಾಗದಲ್ಲಿ ಅಳೆಯಿರಿ, ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ.

ಬದಲಾಯಿಸುವ ಹೊತ್ತು ಯಾವುದು? ಹಿಂದೆ 11 ಅಥವಾ 12 ಗೇರು ಇದ್ದರೆ ಶೇ. 0.5ಕ್ಕೇ ಬದಲಾಯಿಸಿ. 10ರವರೆಗಿನ ಗೇರಿಗೆ ಶೇ. 0.75. ಗೇರೇ ಇಲ್ಲದ ಸೈಕಲ್ಲಿಗೆ ಶೇ. 1ರವರೆಗೂ ನಡೆಯುತ್ತದೆ.

ಚೈನ್ ಚೆಕರ್ ಎಂಬ ಸಣ್ಣ ಪಟ್ಟಿಯೂ ಸಿಗುತ್ತದೆ. ಚೈನಿಗೆ ಸಿಕ್ಕಿಸಿ ನೋಡಿದರೆ ಆಯಿತು, ಕೆಲಸ ಬೇಗ ಮುಗಿಯುತ್ತದೆ. ಆದರೆ ಅಗ್ಗದ ಚೆಕರ್‌ಗಳು ಪಿನ್ನಿನ ಸವೆತದ ಜೊತೆಗೆ ರೋಲರಿನ (ಪಿನ್ನಿನ ಸುತ್ತ ತಿರುಗುವ ಪುಟ್ಟ ಉರುಳೆಯ) ಸಡಿಲವನ್ನೂ ಸೇರಿಸಿ ಅಳೆಯುತ್ತವೆ. ಹಾಗಾಗಿ ಕೆಲವೊಮ್ಮೆ ಚೆನ್ನಾಗಿರುವ ಚೈನನ್ನೂ ಸವೆದಿದೆ ಎಂದು ತೋರಿಸುತ್ತವೆ. ಅನುಮಾನ ಬಂದರೆ ಸ್ಕೇಲಿನ ಮಾತೇ ಕೊನೆಯದು.

ಹಂತ 2: ಹಲ್ಲುಗಳನ್ನೂ ನೋಡಿ, ಬಜೆಟ್ ಅಲ್ಲಿ ನಿರ್ಧಾರವಾಗುತ್ತದೆ

ಚೈನು ಶೇ. 1 ದಾಟಿ ಬಹಳ ದಿನವಾಗಿದ್ದರೆ ಹಿಂದಿನ ಕ್ಯಾಸೆಟ್ ಅಥವಾ ಫ್ರೀವೀಲಿನ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿನ) ಹಲ್ಲುಗಳೂ ಆ ಹಿಗ್ಗಿದ ಅಳತೆಗೆ ಒಗ್ಗಿಕೊಂಡಿರುತ್ತವೆ. ಅದರ ಮೇಲೆ ಹೊಸ ಚೈನು ಹಾಕಿದರೆ ಜೋರಾಗಿ ತುಳಿದಾಗ ಟಕ್ ಎಂದು ಜಾರುತ್ತದೆ. ನಿಂತು ತುಳಿಯುವಾಗ ಹೀಗಾದರೆ ಬೀಳುವುದೂ ಉಂಟು.

ಕಣ್ಣಿಗೆ ಕಾಣುವ ಗುರುತು ಇಷ್ಟೇ. ಚೆನ್ನಾಗಿರುವ ಹಲ್ಲಿನ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಇಳಿಜಾರಿನಲ್ಲಿರುತ್ತವೆ. ಸವೆದ ಹಲ್ಲು ಒಂದು ಕಡೆಗೆ ಕೊಕ್ಕೆಯಂತೆ ವಾಲಿರುತ್ತದೆ. ಆದರೆ ಕ್ಯಾಸೆಟ್‌ನಲ್ಲಿ ಗೇರು ಸಲೀಸಾಗಿ ಬದಲಾಗಲಿ ಎಂದೇ ಕೆಲವು ಹಲ್ಲುಗಳನ್ನು ಮೊಟಕಾಗಿ, ಓರೆಯಾಗಿ ಮಾಡಿರುತ್ತಾರೆ. ಅವನ್ನು ನೋಡಿ ಗಾಬರಿಯಾಗಬೇಡಿ. ನೀವು ಜಾಸ್ತಿ ಬಳಸುವ ಎರಡು ಮೂರು ಗೇರುಗಳನ್ನು, ಹೆಚ್ಚು ಬಳಸದ ಗೇರಿನ ಪಕ್ಕ ಇಟ್ಟು ಹೋಲಿಸಿ.

ಇಲ್ಲೊಂದು ಲೆಕ್ಕಾಚಾರ ಇದೆ. 11 ಅಥವಾ 12 ಗೇರಿನ ಕ್ಯಾಸೆಟ್ ಚೈನಿಗಿಂತ ತುಂಬಾ ದುಬಾರಿ. ಅಲ್ಲಿ ಚೈನನ್ನು ಬೇಗ ಬೇಗ ಬದಲಾಯಿಸಿ ಕ್ಯಾಸೆಟ್ ಉಳಿಸಿಕೊಳ್ಳುವುದೇ ಜಾಣತನ. ಸಮಯಕ್ಕೆ ಬದಲಾಯಿಸಿದರೆ ಒಂದು ಕ್ಯಾಸೆಟ್ ಎರಡು ಮೂರು ಚೈನುಗಳನ್ನು ಕಾಣುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಅದೇ 6-7 ಗೇರಿನ ಸಾದಾ ಫ್ರೀವೀಲ್ ಆದರೆ ಬೆಲೆ ಚೈನಿನ ಹತ್ತಿರಹತ್ತಿರವೇ ಇರುತ್ತದೆ. ಅಂಥ ಸೈಕಲ್ಲಿನಲ್ಲಿ ಚೈನು ಈಗಾಗಲೇ ವಿಪರೀತ ಸವೆದಿದ್ದರೂ ಜಾರುತ್ತಿಲ್ಲ ಎಂದಾದರೆ, ಎರಡನ್ನೂ ಒಟ್ಟಿಗೇ ಪೂರ್ತಿ ಸವೆಸಿ ಒಟ್ಟಿಗೇ ಬದಲಾಯಿಸುವುದರಲ್ಲಿ ತಪ್ಪಿಲ್ಲ. ಮುಂದಿನ ಚೈನ್‌ರಿಂಗ್ ಬಿಚ್ಚಲು ಬರದಂತೆ ಕ್ರ್ಯಾಂಕಿಗೇ (ಪೆಡಲ್ ಸಿಕ್ಕಿಸುವ ತೋಳಿಗೇ) ಕೂಡಿಸಿದ್ದಾಗಿದ್ದರೆ ಮಾತ್ರ ಈ ದಾರಿ ಬೇಡ. ಅದು ಸವೆದರೆ ಇಡೀ ಕ್ರ್ಯಾಂಕನ್ನೇ ಬದಲಾಯಿಸಬೇಕಾಗುತ್ತದೆ.

ಹಂತ 3: ಹಿಂದಿನ ಗೇರು ಎಣಿಸಿ

ಚೈನು ಕೊಳ್ಳುವಾಗ "21 ಗೇರಿನ ಸೈಕಲ್" ಎಂದು ಹೇಳಿದರೆ ಸಾಲದು. ಬೇಕಾಗಿರುವುದು ಹಿಂದಿನ ಚಕ್ರದಲ್ಲಿ ಎಷ್ಟು ಹಲ್ಲುಚಕ್ರ ಇವೆ ಎನ್ನುವ ಲೆಕ್ಕ. 21 ಎಂದರೆ ಮುಂದೆ 3, ಹಿಂದೆ 7. ಹಾಗಾಗಿ ಅದು 7 ಸ್ಪೀಡ್ ಚೈನಿನ ಸೈಕಲ್. 24 ಎಂದರೆ ಹಿಂದೆ 8, 27 ಎಂದರೆ 9.

ಹಿಂದೆ ಗೇರು ಹೆಚ್ಚಿದಷ್ಟೂ ಅವುಗಳ ನಡುವಿನ ಜಾಗ ಕಿರಿದಾಗುತ್ತದೆ, ಚೈನೂ ತೆಳ್ಳಗಾಗಬೇಕು. ಪಿನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದರೆ 7-8 ಸ್ಪೀಡ್ ಚೈನು ಸುಮಾರು 7.1ರಿಂದ 7.3 ಮಿ.ಮೀ., 9 ಸ್ಪೀಡ್ ಸುಮಾರು 6.6, 10 ಸ್ಪೀಡ್ ಸುಮಾರು 5.9, 11 ಸ್ಪೀಡ್ ಸುಮಾರು 5.5, 12 ಸ್ಪೀಡ್ ಸುಮಾರು 5.3. ಕಂಪನಿಯಿಂದ ಕಂಪನಿಗೆ ಒಂದಿಷ್ಟು ಹೆಚ್ಚುಕಡಿಮೆ ಇರುತ್ತದೆ.

5ರಿಂದ 8 ಗೇರಿನವರಿಗೆ ಒಂದೇ ಬಗೆಯ ಚೈನು ಸಾಕು, ಪ್ಯಾಕೆಟ್ ಮೇಲೆ 6/7/8 ಎಂದೇ ಬರೆದಿರುತ್ತದೆ. ಅತಿ ಅಗ್ಗವಾಗಿ, ಅತಿ ಹೆಚ್ಚು ದಿನ ಬಾಳುವ ಚೈನುಗಳು ಸಿಗುವುದೂ ಈ ಗುಂಪಿನಲ್ಲೇ. 9ರಿಂದ ಮುಂದೆ ನಿಮ್ಮ ಗೇರಿನ ಸಂಖ್ಯೆಯದೇ ಚೈನು ತನ್ನಿ. ಒಂದು ಸಂಖ್ಯೆ ಮೇಲಿನ ತೆಳುವಾದ ಚೈನು ಕೆಲವೊಮ್ಮೆ ಹೇಗೋ ಓಡುತ್ತದೆ. ದಪ್ಪನೆಯದು ಓಡುವುದಿಲ್ಲ, ಪಕ್ಕದ ಹಲ್ಲಿಗೆ ಉಜ್ಜಿ ಸದ್ದು ಮಾಡುತ್ತಲೇ ಇರುತ್ತದೆ.

ಗೇರಿಲ್ಲದ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಒಳ ಅಗಲ 1/8 ಇಂಚಿನ ಚೈನು ಇರುತ್ತದೆ. ಗೇರಿನ ಸೈಕಲ್ಲಿನ ಹಳೆಯ ಅಳತೆ 3/32 ಇಂಚು. ಅಗಲದ 1/8 ಚೈನು 3/32 ಹಲ್ಲಿನ ಮೇಲೆ ಓಡುತ್ತದೆ, ಆದರೆ 3/32 ಚೈನು 1/8ರ ದಪ್ಪ ಹಲ್ಲಿಗೆ ಇಳಿಯುವುದೇ ಇಲ್ಲ. ಕೊಳ್ಳುವಾಗ ಇದೊಂದು ನೆನಪಿಟ್ಟುಕೊಂಡರೆ ಸಾಕು.

11 ಸ್ಪೀಡಿನವರೆಗೆ ಕಂಪನಿ ಬೆರೆಸಿದರೂ ಸಾಮಾನ್ಯವಾಗಿ ತೊಂದರೆ ಇಲ್ಲ. ಶಿಮಾನೊ ಗೇರಿಗೆ ಕೆಎಂಸಿ ಚೈನು, ಸ್ರಾಮ್ ಗೇರಿಗೆ ಶಿಮಾನೊ ಚೈನು ಧಾರಾಳವಾಗಿ ನಡೆಯುತ್ತವೆ. 12ಕ್ಕೆ ಬಂದಾಗ ಮಾತ್ರ ಎಚ್ಚರ ಬೇಕು. ಸ್ರಾಮ್‌ನ ರೋಡ್ ಸೈಕಲ್ಲಿನ ಎಎಕ್ಸ್‌ಎಸ್ ಗೇರಿಗೆ ಫ್ಲಾಟ್‌ಟಾಪ್ ಚೈನೇ ಬೇಕು. ಅದರ ರೋಲರ್ ಉಳಿದವಕ್ಕಿಂತ ದೊಡ್ಡದು, ಬೇರೆ ಚೈನು ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ. ಶಿಮಾನೊದ ಹೈಪರ್‌ಗ್ಲೈಡ್ ಪ್ಲಸ್ ಕ್ಯಾಸೆಟ್ಟಿಗೂ ಅದಕ್ಕೆಂದೇ ಮಾಡಿದ ಚೈನಿದೆ. ಹಾಗಾಗಿ 12 ಗೇರಿನವರು ಪ್ಯಾಕೆಟ್ ಮೇಲೆ ತಮ್ಮ ಗೇರಿನ ಹೆಸರು ಇದೆಯಾ ಎಂದು ಓದಿಯೇ ಕೊಳ್ಳಬೇಕು.

ಹಂತ 4: ಜಾಸ್ತಿ ದುಡ್ಡು ಯಾವುದಕ್ಕೆ ಹೋಗುತ್ತದೆ ಎಂದು ತಿಳಿಯಿರಿ

ಒಂದೇ ಕಂಪನಿಯ 11 ಸ್ಪೀಡ್ ಚೈನುಗಳನ್ನು ಸಾಲಾಗಿ ಇಟ್ಟರೆ ಕೆಳಗಿನದಕ್ಕೂ ಮೇಲಿನದಕ್ಕೂ ಬೆಲೆಯಲ್ಲಿ ಎರಡು ಮೂರು ಪಟ್ಟು ಅಂತರ ಇರಬಹುದು. ಅಷ್ಟು ಅಂತರ ಎಲ್ಲಿಂದ ಬಂತು? ಮುಖ್ಯವಾಗಿ ತೂಕ, ತುಕ್ಕು, ಗಟ್ಟಿತನ ಎಂಬ ಮೂರು ವಿಷಯಗಳಿಂದ. ಈ ಮೂರನ್ನೂ ಬೇರೆ ಬೇರೆಯಾಗಿ ತೂಗಬೇಕು.

ತೂಕದ ಮಾತು ಬೇಗ ಮುಗಿಯುತ್ತದೆ. ದುಬಾರಿ ಚೈನಿನ ಪಿನ್ನುಗಳ ಒಳಗೆ ತೂತು ಕೊರೆದಿರುತ್ತಾರೆ, ಪ್ಲೇಟುಗಳಲ್ಲಿ ಕಿಂಡಿ ತೆಗೆದಿರುತ್ತಾರೆ. ಕೆಎಂಸಿಯ ಹೆಸರಿನ ಕೊನೆಯಲ್ಲಿ ಎಸ್‌ಎಲ್ ಎಂದಿದ್ದರೆ ಇದೇ. ಸ್ರಾಮ್‌ನ ಪಿಸಿ-1170ರ ಪಿನ್ನಿನಲ್ಲಿ ತೂತಿದೆ, ಕೆಳಗಿನ ಪಿಸಿ-1110ರ ಪಿನ್ ಗಟ್ಟಿ. ಇದರಿಂದ ಉಳಿಯುವುದು ಕೆಲವೇ ಗ್ರಾಂ. ದಿನಾ ಕೆಲಸಕ್ಕೆ ಹೋಗುವವರಿಗೆ, ಬ್ಯಾಗು ಹೇರಿಕೊಂಡು ದೂರ ಹೋಗುವವರಿಗೆ ಈ ಉಳಿತಾಯದಿಂದ ಯಾವ ಲಾಭವೂ ಇಲ್ಲ. ನಾನಂತೂ ಇದಕ್ಕೆ ದುಡ್ಡು ಕೊಡಬೇಡಿ ಎಂದೇ ಹೇಳುತ್ತೇನೆ.

ಎರಡನೆಯದು ತುಕ್ಕು. ಅತಿ ಅಗ್ಗದ ಚೈನು ಮಂಕು ಕಂದು ಅಥವಾ ಬೂದು ಬಣ್ಣದ್ದು, ಅದಕ್ಕೆ ರಕ್ಷಣೆ ಬಹುತೇಕ ಎಣ್ಣೆಯೊಂದೇ. ಬೆಳ್ಳಿಯ ಹಾಗೆ ಹೊಳೆಯುವ ಚೈನಿಗೆ ನಿಕ್ಕಲ್ ಲೇಪನ ಇರುತ್ತದೆ. ಕೆಎಂಸಿಯಲ್ಲಿ ಇಪಿಟಿ ಎಂದು ಬರೆದಿದ್ದರೆ ಅದು ತುಕ್ಕು ತಡೆಯುವ ಇನ್ನೊಂದು ಲೇಪನ. ಮಳೆಯಲ್ಲಿ ಓಡಿಸುವವರು, ಸಮುದ್ರದ ಹತ್ತಿರ ಇರುವವರು, ಸೈಕಲ್ಲನ್ನು ಹೊರಗೆ ನಿಲ್ಲಿಸುವವರು ಇದಕ್ಕೆ ಒಂದಿಷ್ಟು ಜಾಸ್ತಿ ಕೊಟ್ಟರೆ ಸಾರ್ಥಕ. ಆದರೆ ನಿಕ್ಕಲ್ ಹೊಳಪು ಹೊರಗಿನದು. ಸವೆತ ನಡೆಯುವುದು ಒಳಗೆ, ಪಿನ್ನಿನ ಮೈಮೇಲೆ. ಅಲ್ಲಿ ಈ ಹೊಳಪು ಕೆಲಸಕ್ಕೆ ಬರುವುದಿಲ್ಲ. ಬಂಗಾರದ ಬಣ್ಣ, ಕಾಮನಬಿಲ್ಲಿನ ಬಣ್ಣದ ಚೈನುಗಳ ವಿಷಯದಲ್ಲೂ ಬಣ್ಣ ನೋಡಿ ಬಾಳಿಕೆ ಅಳೆಯಬೇಡಿ.

ಮೂರನೆಯದು ಗಟ್ಟಿತನ. ದುಡ್ಡು ಹಾಕಬೇಕಾದ ಜಾಗ ಇದೇ. ಪಿನ್ನಿನ ಮೈಯನ್ನು ಕ್ರೋಮಿನಿಂದ ಅಥವಾ ಬೇರೆ ವಿಧಾನದಿಂದ ಗಟ್ಟಿ ಮಾಡಿದ್ದರೆ ಚೈನು ನಿಧಾನವಾಗಿ ಸವೆಯುತ್ತದೆ. ವಿವರಣೆಯಲ್ಲಿ "ಹಾರ್ಡ್ ಕ್ರೋಮ್", "ಹಾರ್ಡನ್ಡ್ ಪಿನ್" ಎಂಬ ಮಾತು ಇದೆಯಾ ಎಂದು ಹುಡುಕಿ. ಸ್ರಾಮ್‌ನ 12 ಸ್ಪೀಡ್ ಈಗಲ್ ಚೈನುಗಳಲ್ಲಿ ಮೇಲಿನ ಎಕ್ಸ್01, ಎಕ್ಸ್‌ಎಕ್ಸ್1 ಮಾದರಿಗಳಿಗೆ ಈ ಗಟ್ಟಿ ಕ್ರೋಮ್ ಇದೆ. ಅಲ್ಲಿ ಕೊಟ್ಟ ಹೆಚ್ಚಿನ ದುಡ್ಡು ಬಾಳಿಕೆಯಲ್ಲಿ ವಾಪಸ್ ಬರುತ್ತದೆ, ಏಕೆಂದರೆ ಅದು ದುಬಾರಿ ಕ್ಯಾಸೆಟ್ಟನ್ನೂ ಕಾಯುತ್ತದೆ. ಶಿಮಾನೊದ ಮೇಲಿನ ದರ್ಜೆಯ ಸಿಲ್-ಟೆಕ್ ಲೇಪನ ಉಜ್ಜಾಟ ಕಡಿಮೆ ಮಾಡಲು ಇರುವುದು.

ಅಂಗಡಿಯಲ್ಲಿ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಚೈನಿನ ಬೆಲೆ ಎರಡು ಪಟ್ಟು, ಇದು ಎರಡು ಪಟ್ಟು ಬಾಳುತ್ತದಾ? 6/7/8 ಸ್ಪೀಡಿನಲ್ಲಿ ಉತ್ತರ ಬಹುತೇಕ "ಇಲ್ಲ". 12 ಸ್ಪೀಡಿನಲ್ಲಿ ಉತ್ತರ ಕೆಲವೊಮ್ಮೆ "ಹೌದು".

ಹಂತ 5: ಕಂಪನಿ ಮತ್ತು ಮಾದರಿ

ಎಲ್ಲ ಕಡೆ ಸುಲಭವಾಗಿ ಸಿಗುವವು ಮೂರು: ತೈವಾನಿನ ಕೆಎಂಸಿ, ಜಪಾನಿನ ಶಿಮಾನೊ, ಅಮೆರಿಕದ ಸ್ರಾಮ್. ಇವುಗಳ ಜೊತೆ ತೈವಾನಿನದೇ ತಾಯಾ, ವೈಬಿಎನ್ ಇವೆ. ಜರ್ಮನಿಯ ವಿಪ್ಪರ್‌ಮನ್ ಕಂಪನಿ ಕಾನೆಕ್ಸ್ ಹೆಸರಿನಲ್ಲಿ ಚೈನು ಮಾರುತ್ತದೆ.

7-8 ಗೇರಿಗೆ ಕೆಎಂಸಿಯ ಝಡ್8 ಅಥವಾ ಎಕ್ಸ್8, ಶಿಮಾನೊದ ಎಚ್‌ಜಿ40 ಅಥವಾ ಎಚ್‌ಜಿ71, ಇವುಗಳಲ್ಲಿ ಯಾವುದು ಕಡಿಮೆಗೆ ಸಿಕ್ಕರೂ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. 9 ಗೇರಿಗೆ ಕೆಎಂಸಿ ಎಕ್ಸ್9, ಶಿಮಾನೊ ಎಚ್‌ಜಿ53. 10ಕ್ಕೆ ಕೆಎಂಸಿ ಎಕ್ಸ್10, ಶಿಮಾನೊ ಎಚ್‌ಜಿ54. 11ಕ್ಕೆ ಕೆಎಂಸಿ ಎಕ್ಸ್11, ಶಿಮಾನೊ ಎಚ್‌ಜಿ601, ಸ್ರಾಮ್ ಪಿಸಿ-1110. ಹೆಸರೇ ಇಲ್ಲದ ಚೈನು ಇವಕ್ಕಿಂತ ಇನ್ನೂ ಕಡಿಮೆಗೆ ಸಿಗುತ್ತದೆ. ಗೇರಿಲ್ಲದ ಸೈಕಲ್ಲಿಗೆ ಬೇಕಾದರೆ ಹಾಕಿ. ಗೇರು ಸೈಕಲ್ಲಿಗೆ ಬೇಡ. ತೆಳ್ಳಗಿನ ಚೈನಿನಲ್ಲಿ ಪಿನ್ನಿನ ತುದಿ ಪ್ಲೇಟಿಗೆ ಸರಿಯಾಗಿ ಕಚ್ಚಿರದಿದ್ದರೆ, ಜೋರಾಗಿ ತುಳಿಯುವಾಗ ಕಿತ್ತು ಬರುತ್ತದೆ.

ಬ್ಯಾಟರಿ ಸೈಕಲ್ಲಿನವರಿಗೆ ಒಂದು ಮಾತು. ಮೋಟಾರು ಹಿಂದಿನ ಅಥವಾ ಮುಂದಿನ ಚಕ್ರದ ನಡುಗುಂಬದಲ್ಲಿ (ಹಬ್) ಇದ್ದರೆ ಅದರ ಬಲ ಚೈನಿನ ಮೂಲಕ ಹೋಗುವುದಿಲ್ಲ. ಸಾದಾ ಚೈನು ಸಾಕು. ಮೋಟಾರು ಪೆಡಲಿನ ಬಳಿ, ನಡುವಿನಲ್ಲಿದ್ದರೆ ನಿಮ್ಮ ಕಾಲಿನ ಬಲ, ಮೋಟಾರಿನ ಬಲ ಎರಡೂ ಚೈನಿನ ಮೇಲೆಯೇ ಬೀಳುತ್ತವೆ. ಆಗ ಇ-ಬೈಕ್ ಎಂದು ಬರೆದ ಚೈನಿಗೆ ಜಾಸ್ತಿ ಕೊಡುವುದು ದಂಡವಲ್ಲ.

ಎಲ್ಲ ಕೊಂಡಿಗಳೂ ಸೊಂಟ ಬಾಗಿಸಿದ ಹಾಗೆ ಕಾಣುವ ಹಾಫ್-ಲಿಂಕ್ ಚೈನು ನೋಡಲು ಗಟ್ಟಿಮುಟ್ಟು. ಆದರೆ ಬಾಗಿದ ಪ್ಲೇಟು ಎಳೆತಕ್ಕೆ ನೆಟ್ಟಗಾಗಲು ನೋಡುತ್ತದೆ, ಬೇಗ ಉದ್ದವಾಗುತ್ತದೆ. ಬೇಡ.

ಹಂತ 6: ಕೈಯಲ್ಲಿ ಹಿಡಿದು ಪರೀಕ್ಷಿಸಿ

ನಕಲಿ ಚೈನುಗಳ ಕಾಟ ಇದೆ, ಅದರಲ್ಲೂ ಪ್ಯಾಕೆಟ್ ಇಲ್ಲದೆ ಮಾರುವ ಕಡೆ. ಚೈನನ್ನು ಬೆಳಕಿಗೆ ಹಿಡಿದು ಪ್ಲೇಟುಗಳ ಮೇಲಿನ ಅಕ್ಷರ ನೋಡಿ. ಒಳ್ಳೆಯ ಚೈನಿನಲ್ಲಿ ಅಚ್ಚು ಸ್ಪಷ್ಟವಾಗಿ, ಒಂದೇ ಆಳದಲ್ಲಿ, ಒಂದೇ ಜಾಗದಲ್ಲಿ ಇರುತ್ತದೆ. ಪಿನ್ನಿನ ತುದಿಗಳ ಮೇಲೆ ಬೆರಳಾಡಿಸಿ. ಒಂದು ಹೊರಗೆ ಚಾಚಿ, ಇನ್ನೊಂದು ಒಳಗೆ ಹೋಗಿದ್ದರೆ ಬಿಟ್ಟುಬಿಡಿ. ಆಮೇಲೆ ಪ್ರತಿ ಕೊಂಡಿಯನ್ನೂ ಬಾಗಿಸುತ್ತಾ ಹೋಗಿ. ಎಲ್ಲವೂ ಸಲೀಸಾಗಿ ತಿರುಗಬೇಕು, ಒಂದೂ ಬಿಗಿಯಾಗಿ ನಿಲ್ಲಬಾರದು. ರೋಲರುಗಳು ಬೆರಳಿಗೆ ಸುತ್ತಬೇಕು.

ಪ್ಯಾಕೆಟ್ ಮೇಲೆ ಕೊಂಡಿಗಳ ಸಂಖ್ಯೆಯನ್ನೂ ಓದಿ. ಸಾಮಾನ್ಯವಾಗಿ 114, 116, 118 ಅಥವಾ 126 ಇರುತ್ತದೆ. ಹಿಂದೆ ದೊಡ್ಡ ಕ್ಯಾಸೆಟ್ ಇರುವ, ಉದ್ದ ಚೌಕಟ್ಟಿನ ಸೈಕಲ್ಲಿಗೆ 114 ಸಾಲದೆ ಹೋಗಬಹುದು. ಉದ್ದ ಇದ್ದರೆ ಕತ್ತರಿಸಬಹುದು, ಕಡಿಮೆ ಬಿದ್ದರೆ ಏನೂ ಮಾಡುವ ಹಾಗಿಲ್ಲ.

ಪ್ಯಾಕೆಟ್ಟಿನಲ್ಲಿ ಕ್ವಿಕ್ ಲಿಂಕ್ (ಚೈನಿನ ಎರಡು ತುದಿಗಳನ್ನು ಕೂಡಿಸುವ ಕೊಂಡಿ) ಇದೆಯಾ ಎಂದೂ ಕೇಳಿ. ಇಲ್ಲದಿದ್ದರೆ ಅದನ್ನು ಬೇರೆ ಕೊಳ್ಳಬೇಕು, ಆಗ ಅಗ್ಗದ ಚೈನು ಅಷ್ಟು ಅಗ್ಗವಾಗಿ ಉಳಿಯುವುದಿಲ್ಲ. ಕ್ವಿಕ್ ಲಿಂಕ್ ಕೂಡ ಚೈನಿನ ಸ್ಪೀಡಿಗೆ ಸರಿಯಾಗಿರಬೇಕು. 8-9 ಸ್ಪೀಡಿನವನ್ನು ಮತ್ತೆ ಮತ್ತೆ ಬಿಚ್ಚಿ ಹಾಕಬಹುದು. ಶಿಮಾನೊದ 11 ಸ್ಪೀಡಿನದು, ಸ್ರಾಮ್‌ನ 10ರಿಂದ ಮೇಲಿನ ಪವರ್‌ಲಾಕ್ ಎಂಬ ಕ್ವಿಕ್ ಲಿಂಕ್ ಒಂದೇ ಸಲಕ್ಕೆ ಎಂದು ಕಂಪನಿಗಳೇ ಹೇಳುತ್ತವೆ.

ಹಂತ 7: ಉದ್ದ ಕತ್ತರಿಸಿ ಜೋಡಿಸುವುದು

ಹಳೆಯ ಚೈನಿನ ಪಕ್ಕ ಹೊಸದನ್ನು ತೂಗುಹಾಕಿ ಸಮ ಮಾಡಿ ಕತ್ತರಿಸುವುದು ಹಲವರ ರೂಢಿ. ಕತ್ತರಿಸುವ ಮುಂಚೆ ಕೊಂಡಿ ಎಣಿಸಿ. 114 ಕೊಂಡಿಯ ಚೈನು 57 ಇಂಚು. ಅದು ಶೇ. 1 ಸವೆದಿದ್ದರೆ ಅರ್ಧ ಇಂಚಿಗಿಂತ ಹೆಚ್ಚು ಉದ್ದವಾಗಿರುತ್ತದೆ, ಅಂದರೆ ಒಂದು ಕೊಂಡಿಗೂ ಮಿಗಿಲು. ಉದ್ದ ನೋಡಿ ಕತ್ತರಿಸಿದರೆ ಲೆಕ್ಕ ತಪ್ಪುತ್ತದೆ, ಕೊಂಡಿ ಎಣಿಸಿದರೆ ತಪ್ಪುವುದಿಲ್ಲ.

ಹಳೆಯ ಚೈನು ಇಲ್ಲವೇ, ಅಥವಾ ಅದರ ಉದ್ದವೇ ಸರಿ ಇರಲಿಲ್ಲವೇ? ಹೊಸ ಚೈನನ್ನು ಡಿರೈಲರ್ (ಗೇರು ಬದಲಿಸುವ ಹಿಂದಿನ ತೋಳು) ಮೂಲಕ ಹಾಯಿಸದೆ ಮುಂದಿನ ಅತಿ ದೊಡ್ಡ ಚೈನ್‌ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಮೇಲೆ ಸುತ್ತಿ. ತುದಿಗಳು ಕೂಡುವ ಜಾಗಕ್ಕೆ ಇನ್ನೂ ಎರಡು ಕೊಂಡಿ, ಅಂದರೆ ಒಂದು ಇಂಚು ಸೇರಿಸಿ ಕತ್ತರಿಸಿ. ಕ್ವಿಕ್ ಲಿಂಕನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹಿಂದೆ ಸಸ್ಪೆನ್ಶನ್ ಇದ್ದರೆ ಅದು ಒತ್ತಿದಾಗ ಚೈನು ಹೆಚ್ಚು ಬೇಕಾಗುತ್ತದೆ, ಹಾಗಾಗಿ ಒತ್ತಿ ಹಿಡಿದು ಅಳೆಯಿರಿ. ಗೇರಿಲ್ಲದ ಸೈಕಲ್ಲಿನಲ್ಲಿ ಚಕ್ರವನ್ನು ಹಿಂದೆಮುಂದೆ ಸರಿಸಿ, ನಡುವಿನಲ್ಲಿ ಬೆರಳಿನಿಂದ ಒತ್ತಿದಾಗ ಸುಮಾರು 10-15 ಮಿ.ಮೀ. ಆಡುವಷ್ಟು ಸಡಿಲ ಬಿಡಿ.

ಕತ್ತರಿಸಲು ಚೈನ್ ಕಟರ್ ಬೇಕು. ತೆಗೆದ ಪಿನ್ನನ್ನೇ ತಿರುಗಿ ಹೊಡೆದು ಕೂರಿಸುವುದು ದಪ್ಪ ಚೈನಿಗೆ ನಡೆಯುತ್ತಿತ್ತು. ಈಗಿನ ತೆಳು ಚೈನಿಗೆ ಕ್ವಿಕ್ ಲಿಂಕ್ ಅಥವಾ ಕಂಪನಿ ಕೊಟ್ಟ ಹೊಸ ಪಿನ್ನನ್ನೇ ಬಳಸಿ. ಶಿಮಾನೊದ ಕೆಲವು ಚೈನುಗಳಿಗೆ ಒಳ-ಹೊರ ಬದಿ ಬೇರೆ ಬೇರೆ. ಅಕ್ಷರ ಇರುವ ಬದಿ ಹೊರಗೆ ಬರಬೇಕು. ಕ್ವಿಕ್ ಲಿಂಕ್ ಮೇಲೆ ಬಾಣದ ಗುರುತಿದ್ದರೆ ಚೈನು ಓಡುವ ದಿಕ್ಕಿಗೆ ಇಡಿ. ಸಿಕ್ಕಿಸಿದ ಮೇಲೆ ಆ ಲಿಂಕನ್ನು ಮೇಲಿನ ಸಾಲಿಗೆ ತಂದು, ಬ್ರೇಕ್ ಹಿಡಿದು ಪೆಡಲ್ ತುಳಿಯಿರಿ. ಟಕ್ ಎಂದು ಕೂರುತ್ತದೆ.

ಹಂತ 8: ಹಾಕಿದ ಮೇಲೆ

ಹೊಸ ಚೈನಿನ ಅಂಟು ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯಬೇಡಿ. ಅದು ಪಿನ್ನಿನ ಒಳಗೂ ಇರುವ ಒಳ್ಳೆಯ ಗ್ರೀಸ್. ಹೊರಗಿನ ಅಂಟನ್ನು ಮಾತ್ರ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಧೂಳು ಹಿಡಿಯುತ್ತದೆ. ಚೈನಿಗೆ ಮೇಣ ಹಾಕುವವರು ಮಾತ್ರ ಪೂರ್ತಿ ತೊಳೆಯಲೇಬೇಕು. ಗ್ರೀಸ್ ಇದ್ದರೆ ಮೇಣ ಹಿಡಿಯುವುದಿಲ್ಲ.

ಮುಂದೆ ಚೈನು ಒಣಗಿ ಕಿರ್ ಅನ್ನತೊಡಗಿದಾಗ ಕೆಳಗಿನ ಸಾಲಿನ ಒಳಮೈಗೆ ರೋಲರಿಗೊಂದು ಹನಿ ಎಣ್ಣೆ ಬಿಡಿ. ಪೆಡಲನ್ನು ಹಿಂದಕ್ಕೆ ಒಂದಷ್ಟು ಸುತ್ತು ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನದೆಲ್ಲ ಒರೆಸಿಬಿಡಿ. ಎಣ್ಣೆ ಬೇಕಾಗಿರುವುದು ಪಿನ್ನಿಗೆ, ಹೊರಗಿನ ಪ್ಲೇಟಿಗಲ್ಲ ಅಲ್ವಾ? ತುಕ್ಕು ಬಿಡಿಸುವ ಸ್ಪ್ರೇ ಇದಕ್ಕೆ ಬದಲಿಯಲ್ಲ. ಅದು ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಮಳೆಯಲ್ಲಿ ನೆನೆದು ಬಂದ ದಿನ ಒರೆಸಿ ಎಣ್ಣೆ ಹಾಕುವ ಐದು ನಿಮಿಷದ ಕೆಲಸ, ಮೇಲಿನ ದರ್ಜೆಯ ಚೈನು ಕೊಂಡದ್ದಕ್ಕಿಂತ ಜಾಸ್ತಿ ಬಾಳಿಕೆ ಕೊಡುತ್ತದೆ.

ಕೊನೆಯದಾಗಿ, ಮೊದಲ ಓಟದಲ್ಲೇ ಪ್ರತಿ ಗೇರನ್ನೂ ಹಾಕಿ, ಕೂತಲ್ಲಿಂದಲೇ ಸ್ವಲ್ಪ ಜೋರಾಗಿ ತುಳಿದು ನೋಡಿ. ಪೆಡಲಿನ ಪ್ರತಿ ಎರಡು ಮೂರು ಸುತ್ತಿಗೊಮ್ಮೆ, ಎಲ್ಲ ಗೇರಿನಲ್ಲೂ ಟಿಕ್ ಎಂದರೆ ಎಲ್ಲೋ ಒಂದು ಕೊಂಡಿ ಬಿಗಿಯಾಗಿದೆ, ಬಹುಶಃ ನೀವು ಜೋಡಿಸಿದ ಜಾಗದಲ್ಲೇ. ಅಕ್ಕಪಕ್ಕಕ್ಕೆ ಮೆಲ್ಲಗೆ ಬಾಗಿಸಿ ಸಡಿಲ ಮಾಡಿ. ಒಂದೆರಡು ಗೇರಿನಲ್ಲಿ ಮಾತ್ರ ಜಾರಿದರೆ ತಪ್ಪು ಚೈನಿನದಲ್ಲ, ಆ ಹಲ್ಲುಗಳು ಮುಗಿದಿವೆ, ಕ್ಯಾಸೆಟ್ ಬದಲಾಯಿಸಬೇಕು.